ರೆಪ್ಪೆಗೆ ‘ರೂಢಿ’ಯೋ ‘ಅನುಬಂಧನ’ವೋ: ಒಂದು ಪದದ ಜಗಳ

ಗುರು, ಸಾಗರ
ಒಂದು ಸಹಾಯ ಬೇಕಿತ್ತು. ಹೈಸ್ಕೂಲು ಮಕ್ಕಳಿಗಾಗಿ ಒಂದು ವಿಜ್ಞಾನ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಇಷ್ಟು: ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಕಿವಿಗೆ ‘ಪೀಂ’ ಅಂತ ಸದ್ದು ಕೇಳಿಸುತ್ತಾರೆ. ಅರ್ಧ ಸೆಕೆಂಡು ಆಗುವುದರೊಳಗೆ ಸಣ್ಣ ಕೊಳವೆಯಿಂದ ಕಣ್ಣಿಗೆ ‘ಫುಸ್’ ಅಂತ ಗಾಳಿ ಬರುತ್ತದೆ. ಗಾಳಿ ತಾಗಿದರೆ ಕಣ್ಣು ಮುಚ್ಚುವುದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ಆದರೆ ಇದನ್ನೇ ಹತ್ತಾರು ಸಲ ಮಾಡಿದ ಮೇಲೆ, ‘ಪೀಂ’ ಕೇಳಿದೊಡನೆ, ಗಾಳಿ ಬರುವ ಮುಂಚೆಯೇ ರೆಪ್ಪೆ ಇಳಿಯತೊಡಗುತ್ತದೆ. ರಷ್ಯದ ವಿಜ್ಞಾನಿ ಪಾವ್ಲೋವ್ ಊಟಕ್ಕೆ ಮುಂಚೆ ಸದ್ದು ಕೇಳಿಸಿ ಕೇಳಿಸಿ, ಆಮೇಲೆ ಬರಿಯ ಸದ್ದಿಗೇ ನಾಯಿಗೆ ಜೊಲ್ಲು ಬಂದಂತೆ. ಹಲ್ಸೀ ಕೇಸನ್ ಎಂಬಾತ 1922ರಲ್ಲೇ ಇದರ ಮೇಲೆ ಪ್ರಬಂಧ ಬರೆದಿದ್ದ. ಇಂದಿಗೂ ಮಿದುಳಿನ ಕಲಿಕೆ ಹೇಗೆ ಎಂದು ನೋಡುವವರ ಅಚ್ಚುಮೆಚ್ಚಿನ ಪ್ರಯೋಗ ಇದು.

ಇಂಗ್ಲಿಷಿನಲ್ಲಿ ಇದಕ್ಕೆ ‘ಐಲಿಡ್ ಕಂಡೀಷನಿಂಗ್’ ಅಂತಾರೆ. ಮೊದಲ ಕರಡಿನಲ್ಲಿ ನಿಘಂಟು ನೋಡಿ ‘ಅಕ್ಷಿಪುಟ ಅನುಬಂಧನ’ ಅಂತ ಬರೆದೆ. ಮನೆಯವಳು ಓದಿ, “ಇದೇನು, ಕಣ್ಣಿಗೆ ಹೊಲಿಗೆ ಹಾಕ್ತಾರಾ?” ಅಂದಳು. ಅಲ್ಲಿಗೆ ಆ ಕರಡು ಮುಗಿಯಿತು.

ಎರಡು ಪ್ರಶ್ನೆ. ಕಣ್ಣು ಮುಚ್ಚುವ ಆ ಚರ್ಮದ ಪರದೆಗೆ ‘ರೆಪ್ಪೆ’ ಅನ್ನಲೋ ‘ಎವೆ’ ಅನ್ನಲೋ? ಕಂಡೀಷನಿಂಗ್‌ಗೆ ನಾನು ‘ರೂಢಿ ಮಾಡಿಸುವುದು’ ಅಂತ ಇಡಬೇಕೆಂದಿದ್ದೇನೆ. ‘ರೆಪ್ಪೆಗೆ ರೂಢಿ ಮಾಡಿಸುವ ಪ್ರಯೋಗ’. ಕಿವಿಗೆ ಹಿತವಾಗಿದೆ ಅನ್ನಿಸುತ್ತದೆ. ಏನಂತೀರಿ?

ಅಚ್ಚಗನ್ನಡಿಗ
‘ರೂಢಿ’ಯೂ ಸಂಸ್ಕೃತವೇ, ಆದರೂ ನಮ್ಮ ಮಂದಿಯ ನಾಲಿಗೆಯಲ್ಲಿ ಇದೆ, ಬಿಡಿ. ನನ್ನ ಮಟ್ಟಿಗೆ ‘ಪಳಗಿಸುವಿಕೆ’ ಇನ್ನೂ ಚೆನ್ನ. ಎವೆ ಅಚ್ಚ ಕನ್ನಡದ ಪದ, ರೆಪ್ಪೆಗಿಂತ ಹಳೆಯದು. ‘ಎವೆಯಿಕ್ಕದೆ ನೋಡು’ ಅಂತ ಇವತ್ತಿಗೂ ಬರೆಯುತ್ತೇವೆ. ‘ಎವೆ ಪಳಗಿಕೆ’. ಎರಡೇ ಪದ, ಯಾರಿಗೂ ಹೊಲಿಗೆ ನೆನಪಾಗುವುದಿಲ್ಲ.

ಹುಬ್ಬಳ್ಳಿ ಕಣ್ಣಿನ ಡಾಕ್ಟರ್
ಗುರು ಅವರ, ಪೇಷಂಟ್ ಮುಂದ ‘ಅಕ್ಷಿಪುಟ’ ಅಂದ್ರ ‘ಅದ್ಯಾವ ಊರ್ರೀ’ ಅಂತ ಕೇಳ್ತಾರ. ನಮ್ಮ ಕಡೆ ‘ರೆಪ್ಪಿ’ ಅಷ್ಟ. ಆದ್ರ ಅದರಾಗೂ ಒಂದು ತೊಡಕ ಐತಿ, ಕೇಳ್ರಿ.

ನಾ ಕಲಿಯೋ ಹೊತ್ತಿನ್ಯಾಗ ಒಂದು ದವಾಖಾನ್ಯಾಗ ಬ್ಯಾರೆ ರಾಜ್ಯದಿಂದ ಬಂದ ಜೂನಿಯರ್ ಒಬ್ರು ಇದ್ರು. ಕನ್ನಡ ಕಲಿತಿದ್ರು, ಪಾಪ, ಪುಸ್ತಕ ಇಟಗೊಂಡು. ಒಬ್ಬ ಮುದುಕ ಬಂದು ‘ಕಣ್ಣಾಗ ರೆಪ್ಪಿ ಚುಚ್ಚತಾವ್ರೀ’ ಅಂದ. ಇವರ ಪುಸ್ತಕದಾಗ ರೆಪ್ಪಿ ಅಂದ್ರ ಮ್ಯಾಲಿನ ಚರ್ಮ. ‘ರೆಪ್ಪೆ ನೋವು’ ಅಂತ ಬರದು ಮುಲಾಮು ಕೊಟ್ಟು ಕಳಿಸಿದ್ರು. ಮುದುಕ ಹೇಳಿದ್ದು ಕೂದಲಾ! ಒಳಗ ತಿರುಗಿದ ಕೂದಲು ಕಣ್ಣಿನ ಕರಿಗುಡ್ಡಿ ಮ್ಯಾಲ ತಿಕ್ಕತಿದ್ವು. ಹತ್ತು ದಿನಕ್ಕ ತಿರುಗಿ ಬಂದಾಗ ಅಲ್ಲಿ ಹುಣ್ಣು ಆಗಿತ್ತು. ‘ಚುಚ್ಚತಾವ’ ಅಂತ ಬಹುವಚನ ಅಂದಾನ, ಚರ್ಮ ಆಗಿದ್ರ ‘ಚುಚ್ಚತೈತಿ’ ಅಂತಿದ್ದ. ಆ ಒಂದು ‘ವ’ ಕೇಳಿಸಿಕೊಂಡಿದ್ರ ಸಾಕಿತ್ತು.

ಹಂಗಾಗಿ ನನ್ನ ಲೆಕ್ಕ: ಚರ್ಮಕ್ಕ ‘ರೆಪ್ಪೆ’, ಕೂದಲಕ್ಕ ‘ರೆಪ್ಪೆಗೂದಲು’. ‘ಎವೆ’ ಬ್ಯಾಡ. ಅದನ್ನ ಒಬ್ರು ಕೂದಲಾ ಅಂತಾರ, ಒಬ್ರು ಚರ್ಮ ಅಂತಾರ.

ಅಚ್ಚಗನ್ನಡಿಗ
ಎವೆ ಇಕ್ಕುವುದು ಅಂದರೆ ಕೂದಲನ್ನು ಇಕ್ಕುವುದಲ್ಲವಲ್ಲ ಡಾಕ್ಟ್ರೇ, ಮುಚ್ಚುವುದನ್ನೇ. ಹಳೆಯ ಪದಕ್ಕೆ ಎರಡು ಅರ್ಥ ಇದ್ದರೆ ಒಂದನ್ನು ಗಟ್ಟಿ ಮಾಡಿಕೊಳ್ಳಬಹುದು.

ಹುಬ್ಬಳ್ಳಿ ಕಣ್ಣಿನ ಡಾಕ್ಟರ್
ನೀವು ಗಟ್ಟಿ ಮಾಡಕೊಳ್ರಿ, ಮುದುಕ ಮಾಡಕೊಳ್ಳೂದಿಲ್ಲ.

ಭಟ್ಟರು, ಉಡುಪಿ
ಮಾರಾಯ್ರೆ, ಈ ಗೊಂದಲ ಸಂಸ್ಕೃತದಲ್ಲಿ ಇಲ್ಲ ನೋಡಿ. ಆಯುರ್ವೇದದಲ್ಲಿ ‘ವರ್ತ್ಮ’ ಅಂದರೆ ರೆಪ್ಪೆ, ‘ಪಕ್ಷ್ಮ’ ಅಂದರೆ ಅದರ ಕೂದಲು, ‘ನಿಮೇಷ’ ಅಂದರೆ ಮಿಟುಕಿಸುವುದು. ಸುಶ್ರುತನ ಉತ್ತರತಂತ್ರದಲ್ಲಿ ಕಣ್ಣಿನ ರೋಗ 76 ಉಂಟು, ಅದರಲ್ಲಿ 21 ವರ್ತ್ಮದ್ದೇ. ಡಾಕ್ಟ್ರು ಹೇಳಿದ ಮುದುಕರದ್ದು ‘ಪಕ್ಷ್ಮಕೋಪ’. ಹೆಸರಲ್ಲೇ ಕೂದಲು ಉಂಟು, ತಪ್ಪಲಿಕ್ಕೆ ಜಾಗವೇ ಇಲ್ಲ. ರೆಪ್ಪೆ ಅತಿಯಾಗಿ ಬಡಿದುಕೊಳ್ಳುವುದನ್ನೂ ‘ನಿಮೇಷ’ ಅಂತ ರೋಗಗಳ ಪಟ್ಟಿಗೆ ಸೇರಿಸಿದ್ದಾರೆ. ಹೊಸದಾಗಿ ಹುಟ್ಟಿಸುವ ಬದಲು ಇದನ್ನೇ ತಂದರೆ ಆಗುವುದಿಲ್ಲವ?

ಗುರು, ಸಾಗರ
ಭಟ್ಟರೇ, ಪದ ಸೊಗಸಾಗಿದೆ. ಆದರೆ ಒಂಬತ್ತನೇ ಕ್ಲಾಸಿನ ಹುಡುಗ ‘ವರ್ತ್ಮ’ ಅನ್ನುವಷ್ಟರಲ್ಲಿ ಹತ್ತು ಸಲ ರೆಪ್ಪೆ ಬಡಿದಿರುತ್ತಾನೆ. ‘ಅನಿಮಿಷ’ ಅಂದರೆ ಬೇಕಾದರೆ ಗೊತ್ತಾಗುತ್ತದೆ. ದಮಯಂತಿ ಸ್ವಯಂವರದಲ್ಲಿ ಕಣ್ಣು ಮಿಟುಕಿಸದವರನ್ನು ನೋಡಿ ಇವರು ದೇವರುಗಳು ಅಂತ ಗುರುತು ಹಿಡಿದ ಕತೆ ಎಲ್ಲರೂ ಕೇಳಿದ್ದಾರೆ.

ಹುಬ್ಬಳ್ಳಿ ಕಣ್ಣಿನ ಡಾಕ್ಟರ್
ದೇವರಿಗೆ ನಡೀತೈತಿ. ನಮ್ಮ ನಿಮ್ಮಂಥವರು ನಿಮಿಷಕ್ಕ ಹದಿನೈದು-ಇಪ್ಪತ್ತು ಸಲ ಮಿಟುಕಿಸಲಿಲ್ಲ ಅಂದ್ರ ಕಣ್ಣು ಒಣಗಿ ಉರಿ ಹತ್ತತೈತಿ. ಮೊಬೈಲ್ ನೋಡಕೋತ ಕುಂತವ್ರು ಅರ್ಧಕ್ಕರ್ಧ ಅನಿಮಿಷರ ಆಗ್ಯಾರ, ದಿನಾ ಬರ್ತಾರ ಓಪಿಡಿಗೆ.

ಹಾಂ, ಗುರು ಅವರ, ನಿಮ್ಮ ಲೇಖನದಾಗ ರೆಪ್ಪೆ ಬಗ್ಗೆ ಏನೇನು ಬರದೀರಿ? ಒಂದು ಪ್ಯಾರಾ ಹಾಕ್ರಿ ನೋಡೂಣು.

ಗುರು, ಸಾಗರ
“ರೆಪ್ಪೆಯ ಒಳಗೆ ಮೃದ್ವಸ್ಥಿಯ ಒಂದು ತೆಳುಹಲಗೆ ಇದ್ದು ಅದು ರೆಪ್ಪೆಗೆ ಆಕಾರ ಕೊಡುತ್ತದೆ. ರೆಪ್ಪೆಯ ಸ್ನಾಯು ಬಿಗಿಯಾದಾಗ ಕಣ್ಣು ಮುಚ್ಚುತ್ತದೆ, ಸಡಿಲವಾದಾಗ ತೆರೆಯುತ್ತದೆ.” ಇಷ್ಟೇ. ಸರಿ ಇದೆಯಲ್ಲ?

ಹುಬ್ಬಳ್ಳಿ ಕಣ್ಣಿನ ಡಾಕ್ಟರ್
ಎರಡೂ ವಾಕ್ಯ ತಪ್ಪು! ಸಿಟ್ಟಾಗಬ್ಯಾಡ್ರಿ, ಇದು ಭಾಳ ಮಂದಿ ಮಾಡೋ ತಪ್ಪು.

ಆ ಹಲಗಿ ಮೃದ್ವಸ್ಥಿ ಅಲ್ಲ. ಕಿವಿಯಾಗ, ಮೂಗಿನ್ಯಾಗ ಇರೋದು ಮೃದ್ವಸ್ಥಿ. ಇದು ದಟ್ಟಾಗಿ ಹೆಣೆದ ನಾರಿನಂಥ ಅಂಗಾಂಶ. ಟಾರ್ಸಸ್ ಅಂತೀವಿ. ಮ್ಯಾಲಿನ ರೆಪ್ಪೆದಾಗ ನಡುಮಧ್ಯೆ ಸುಮಾರು 10 ಮಿಲಿಮೀಟರ್ ಎತ್ತರ, ಕೆಳಗಿನದರಾಗ ಅದರ ಅರ್ಧಕ್ಕಿಂತ ಕಡಿಮಿ. ಅದರೊಳಗ ಸಾಲಾಗಿ ನಿಂತ ಎಣ್ಣಿ ಗ್ರಂಥಿ ಇರ್ತಾವ, ಮೈಬೋಮಿಯನ್ ಗ್ರಂಥಿ. 1666ರಾಗ ಹೈನ್ರಿಕ್ ಮೈಬೋಮ್ ಅನ್ನೋ ಜರ್ಮನ್ ವೈದ್ಯ ವಿವರವಾಗಿ ಬರದಾನ, ಅವನ ಹೆಸರ ಉಳೀತು. ಮಿಟುಕಿಸಿದಾಗೆಲ್ಲಾ ಅವು ಒತ್ತಿ ಒಂದು ಚೂರು ಎಣ್ಣಿ ಹೊರಗ ಬರ್ತೈತಿ, ಅದು ಕಣ್ಣೀರಿನ ಮ್ಯಾಲ ಹರಡಿ ನೀರು ಆರದಂಗ ನೋಡಕೋತೈತಿ. ಸಾರಿನ ಮ್ಯಾಲ ತೇಲೋ ಎಣ್ಣಿ ಹಂಗ. ಆ ಬಾಯಿ ಕಟ್ಟಿ ಗಂಟಾದ್ರ ನೀವು ಅದಕ್ಕೂ ‘ಕಣ್ಕುಟಿಗೆ’ ಅಂತೀರಿ, ಕೂದಲು ಬುಡದ ಕೀವಿಗೂ ‘ಕಣ್ಕುಟಿಗೆ’ ಅಂತೀರಿ. ನಮಗ ಅವು ಎರಡು ಬ್ಯಾರೆ. ಒಂದು ನೋಯಂಗಿಲ್ಲ, ಒಂದು ಜೀವ ತಿಂತೈತಿ.

ಇನ್ನ ಸ್ನಾಯು. ತೆರಿಯೋದು ಒಂದು, ಮುಚ್ಚೋದು ಇನ್ನೊಂದು. ಕಣ್ಣಿನ ಸುತ್ತ ಉಂಗುರದಂಗ ಇರೋ ಆರ್ಬಿಕ್ಯುಲಾರಿಸ್ ಮುಚ್ಚತೈತಿ, ಅದಕ್ಕ ಮಿದುಳಿಂದ ಬರೋ ಏಳನೇ ಕಪಾಲ ನರ. ಮ್ಯಾಲಿನ ರೆಪ್ಪೆನ ಎತ್ತೋದು ಲಿವೇಟರ್, ಅದಕ್ಕ ಮೂರನೇ ನರ. ಅದರ ಹಿಂದ ಮುಲ್ಲರ್ ಅನ್ನೋ ಸಣ್ಣ ಸ್ನಾಯು ಒಂದೆರಡು ಮಿಲಿಮೀಟರ್ ಎತ್ತಲಿಕ್ಕ ಕೈ ಹಚ್ಚತೈತಿ. ಮಿಟುಕಿಸೋ ಮುಂದ ಮೊದಲು ಲಿವೇಟರ್ ಕೈ ಬಿಡತೈತಿ, ಆಮ್ಯಾಲ ಉಂಗುರ ಎಳೀತೈತಿ. ಇದು ಯಾಕ ಮುಖ್ಯ ಅಂದ್ರ, ಮೂರನೇ ನರ ಕೆಟ್ರ ರೆಪ್ಪಿ ಜೋತು ಬೀಳತೈತಿ, ಏಳನೇದು ಕೆಟ್ರ ರೆಪ್ಪಿ ಮುಚ್ಚಂಗಿಲ್ಲ. ಮನಿಯವರು ಎರಡಕ್ಕೂ ‘ಕಣ್ಣು ಎಳದೈತ್ರಿ’ ಅಂತಾರ. ನಾವು ತಿರುಗಿ ಕೇಳಬೇಕು: ಎಳದು ಮುಚ್ಚೈತೋ, ಎಳದು ತೆರದೈತೋ?

ಗುರು, ಸಾಗರ
ಆಯ್ತು ಮಹಾನುಭಾವರೇ, ಎರಡೂ ತಿದ್ದಿದೆ. ಮೃದ್ವಸ್ಥಿ ತೆಗೆದು ‘ಗಟ್ಟಿ ನಾರಿನ ಹಲಗೆ’ ಅಂತ ಮಾಡಿದ್ದೇನೆ. ರೆಪ್ಪೆ, ರೆಪ್ಪೆಗೂದಲು ನಿಂತವು. ಈಗ ‘ರೂಢಿ’ ಬಗ್ಗೆ ಯಾರಾದರೂ ಹೇಳಿ.

ವಸಂತಾ ಟೀಚರ್, ಮೈಸೂರು
ಬೆಳಗಿನಿಂದ ಓದ್ತಾ ಇದ್ದೆ, ಸುಮ್ಮನಿರೋಣ ಅಂದುಕೊಂಡಿದ್ದೆ. ಆಗಲಿಲ್ಲ. ಮೂವತ್ತು ವರ್ಷ ಮನಃಶಾಸ್ತ್ರ ಪಾಠ ಮಾಡಿದ್ದೇನೆ. ಗುರು ಅವರೇ, ದಯವಿಟ್ಟು ‘ರೂಢಿ’ ಬೇಡ.

ಕಾರಣ ಹೇಳ್ತೀನಿ. ನಿಮ್ಮ ಎದುರಿಗಿರುವವರ ಹುಬ್ಬುಗಳ ನಡುವೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಕಣ್ಣು ಮಿಟುಕಿಸುತ್ತಾರೆ. ಮತ್ತೆ ತಟ್ಟಿ, ಮತ್ತೆ. ನಾಲ್ಕೈದು ಸಲ ಆದ ಮೇಲೆ ಮಿಟುಕಿಸುವುದು ನಿಂತುಹೋಗುತ್ತದೆ. ರೆಪ್ಪೆಗೆ ಆ ತಟ್ಟುವಿಕೆ ರೂಢಿಯಾಯಿತು. ಇದನ್ನು ಹ್ಯಾಬಿಚುಯೇಶನ್ ಅಂತಾರೆ, ಕನ್ನಡದಲ್ಲಿ ‘ರೂಢಿಯಾಗುವುದು’ ಅನ್ನದೆ ಬೇರೆ ಏನೂ ಅನ್ನಲಿಕ್ಕೆ ಸಾಧ್ಯವಿಲ್ಲ. ಹೊಸದಾಗಿ ರೈಲ್ವೆ ಹಳಿ ಪಕ್ಕ ಮನೆ ಮಾಡಿದವರಿಗೆ ಒಂದು ವಾರದಲ್ಲಿ ರೈಲಿನ ಸದ್ದು ಕೇಳಿಸುವುದೇ ಇಲ್ಲವಲ್ಲ, ಅದು.

ಈಗ ನಿಮ್ಮ ಪ್ರಯೋಗ ನೋಡಿ. ಅಲ್ಲಿ ರೆಪ್ಪೆ ಮೊದಲು ಕ್ಯಾರೇ ಅನ್ನದ ಸದ್ದಿಗೆ ಆಮೇಲೆ ಇಳಿಯಲು ಶುರುಮಾಡುತ್ತದೆ. ಒಂದರಲ್ಲಿ ಇದ್ದ ಪ್ರತಿಕ್ರಿಯೆ ಹೋಯಿತು, ಇನ್ನೊಂದರಲ್ಲಿ ಇಲ್ಲದ ಪ್ರತಿಕ್ರಿಯೆ ಬಂತು. ಅದೇ ರೆಪ್ಪೆ, ಫಲ ತದ್ವಿರುದ್ಧ. ಎರಡಕ್ಕೂ ‘ರೂಢಿ’ ಅಂದರೆ ಮುಂದಿನ ಪುಟದಲ್ಲಿ ಏನು ಮಾಡ್ತೀರಿ?

ಹುಬ್ಬಳ್ಳಿ ಕಣ್ಣಿನ ಡಾಕ್ಟರ್
ಮೇಡಂ ಹೇಳಿದ್ದು ನೂರಕ್ಕ ನೂರು ಖರೆ. ಆ ಹಣಿ ತಟ್ಟೋ ಪರೀಕ್ಷಾ ನರರೋಗದ ಡಾಕ್ಟರು ದಿನಾ ಮಾಡ್ತಾರ. ಪಾರ್ಕಿನ್ಸನ್ (ಕೈಕಾಲು ನಡುಗೋ ನರರೋಗ) ಇದ್ದವರಿಗೆ ಎಷ್ಟು ಸಲ ತಟ್ಟಿದ್ರೂ ರೂಢಿ ಆಗಂಗಿಲ್ಲ, ಮಿಟುಕಿಸಕೋತ ಇರ್ತಾರ. ಮೈಯರ್ಸನ್ ಚಿಹ್ನೆ ಅಂತ ಅದಕ್ಕ ಹೆಸರು.

ಅಚ್ಚಗನ್ನಡಿಗ
ಒಪ್ಪಿದೆ, ರೂಢಿ ಬೇಡ. ಹಾಗಾದರೆ ‘ಪಳಗಿಕೆ’?

ವಸಂತಾ ಟೀಚರ್, ಮೈಸೂರು
ಸಕ್ರೆಬೈಲಿನಲ್ಲಿ, ದುಬಾರೆಯಲ್ಲಿ ಆನೆ ಪಳಗಿಸುವುದನ್ನು ನೋಡಿದ್ದೀರಾ? ಆನೆ ಕಾಲೆತ್ತಿದರೆ ಬೆಲ್ಲ ಸಿಗುತ್ತದೆ. ಆನೆ ಏನೋ ಮಾಡಬೇಕು, ಮಾಡಿದ್ದಕ್ಕೆ ಫಲ. ಅದು ಅಮೆರಿಕದ ಮನಃಶಾಸ್ತ್ರಜ್ಞ ಸ್ಕಿನ್ನರನ ದಾರಿ. ಪಾವ್ಲೋವ್ ದಾರಿಯಲ್ಲಿ ನಾಯಿ ಏನನ್ನೂ ಮಾಡಬೇಕಿಲ್ಲ. ಸದ್ದು ಬರುತ್ತದೆ, ಊಟ ಬರುತ್ತದೆ, ನಾಯಿ ಸುಮ್ಮನೆ ನಿಂತಿದ್ದರೂ ಎರಡೂ ಬರುತ್ತವೆ. ಪಳಗಿಕೆ ಅನ್ನುವ ಪದ ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟುಬಿಡುತ್ತದೆ.

‘ಅನುಬಂಧನ’ ಚೆಂದದ ಪದ ಅಂತ ನಾನೂ ಹೇಳಲ್ಲ. ಆದರೆ ಬಿ.ಎಡ್., ಟಿಇಟಿ ಓದುವ ಪ್ರತಿಯೊಬ್ಬರಿಗೂ ‘ಶಾಸ್ತ್ರೀಯ ಅನುಬಂಧನ’, ‘ಪುನರ್ಬಲನ’ ಗೊತ್ತು. ಇನ್ನೊಂದು ಪದ ಹುಟ್ಟಿಸಿದರೆ ಆ ಮಕ್ಕಳು ನಿಮ್ಮ ಲೇಖನಕ್ಕೂ ತಮ್ಮ ಪುಸ್ತಕಕ್ಕೂ ಸಂಬಂಧವೇ ಇಲ್ಲ ಅಂದುಕೊಳ್ಳುತ್ತಾರೆ.

ಅಚ್ಚಗನ್ನಡಿಗ
ಗೊತ್ತು ಅಂದರೆ ಬಾಯಿಪಾಠ ಗೊತ್ತು, ಮೇಡಂ. ‘ಶಾಸ್ತ್ರೀಯ’ ಅಂದರೆ ನನ್ನ ಕಣ್ಣಮುಂದೆ ತಂಬೂರಿ ಬರುತ್ತದೆ. ಪಾವ್ಲೋವನ ನಾಯಿ ಆಲಾಪನೆ ಮಾಡಿದಂತೆ.

ಟಿಇಟಿ ಬರೆಯೋಳು
ನಗು ಬಂತು ಸರ್ 😂 ಆದ್ರೆ ಮೇಡಂ ಹೇಳಿದ್ದೂ ನಿಜ, ನಮಗೆ ಆ ಪದಗಳೇ ಪರೀಕ್ಷೆಗೆ ಬರೋದು. ಮೇಡಂ, ಇದೇ ಜಾಗದಲ್ಲಿ ಒಂದು ಡೌಟ್ ಕೇಳ್ಲಾ? ‘ಋಣಾತ್ಮಕ ಪುನರ್ಬಲನ’ ಅಂದ್ರೆ ಶಿಕ್ಷೆ ಅಂತ ನಮ್ಮ ಕೋಚಿಂಗ್ ನೋಟ್ಸ್‌ನಲ್ಲಿದೆ. ಇನ್ನೊಂದು ಕಡೆ ಶಿಕ್ಷೆ ಅಲ್ಲ ಅಂತಿದೆ. ಯಾವುದು ಸರಿ?

ವಸಂತಾ ಟೀಚರ್, ಮೈಸೂರು
ಶಿಕ್ಷೆ ಅಲ್ಲಮ್ಮ. ನೋಟ್ಸ್‌ನಲ್ಲಿ ಆ ಪುಟ ಹರಿದುಹಾಕು. ಪುನರ್ಬಲನ ಅಂದರೆ, ಧನವಾಗಲಿ ಋಣವಾಗಲಿ, ವರ್ತನೆ ಹೆಚ್ಚುತ್ತದೆ. ಶಿಕ್ಷೆ ಅಂದರೆ ವರ್ತನೆ ಕಡಿಮೆಯಾಗುತ್ತದೆ. ‘ಋಣ’ ಅಂದರೆ ಕೆಟ್ಟದ್ದು ಅಂತಲ್ಲ, ಗಣಿತದ ಋಣ ಚಿಹ್ನೆ, ಏನನ್ನೋ ಕಳೆಯುವುದು. ಕಾರಿನಲ್ಲಿ ಬೆಲ್ಟ್ ಹಾಕುವವರೆಗೂ ಕೀಂ ಕೀಂ ಅಂತ ಬಡಿದುಕೊಳ್ಳುತ್ತದಲ್ಲ, ಬೆಲ್ಟ್ ಹಾಕಿದರೆ ನಿಲ್ಲುತ್ತದೆ. ಕಿರಿಕಿರಿ ಕಳೆಯಿತು, ನಾಳೆ ನೀನು ಮೊದಲೇ ಬೆಲ್ಟ್ ಹಾಕ್ತೀಯ. ಅದು ಋಣಾತ್ಮಕ ಪುನರ್ಬಲನ. ಕಣ್ಣುರಿಗೆ ಡ್ರಾಪ್ಸ್ ಹಾಕಿದಾಗ ಉರಿ ಹೋದರೆ ಮತ್ತೆ ಮತ್ತೆ ಹಾಕಿಕೊಳ್ಳುತ್ತೀಯ, ಅದೂ ಇದೇ.

ನಿನ್ನ ಕೋಚಿಂಗಿನವರನ್ನು ಪೂರ್ತಿ ಬಯ್ಯುವ ಹಾಗೂ ಇಲ್ಲ. ಸ್ವತಃ ಸ್ಕಿನ್ನರ್ 1938ರ ಪುಸ್ತಕದಲ್ಲಿ ಆ ಮಾತನ್ನು ಹೆಚ್ಚುಕಡಿಮೆ ಶಿಕ್ಷೆಯ ಅರ್ಥದಲ್ಲೇ ಬಳಸಿದ್ದ. 1953ರ ಹೊತ್ತಿಗೆ ಈಗಿನ ಅರ್ಥಕ್ಕೆ ತಿರುಗಿಸಿದ. ಗುರುವೇ ದಾರಿ ಬದಲಿಸಿದ ಮೇಲೆ ಶಿಷ್ಯರು ಹಳೇ ದಾರಿಯಲ್ಲಿ ಇನ್ನೂ ನಡೀತಿದ್ದಾರೆ.

ಟಿಇಟಿ ಬರೆಯೋಳು
ಥ್ಯಾಂಕ್ಯೂ ಮೇಡಂ! ಹಾಗಾದ್ರೆ ಗುರು ಸರ್ ಪ್ರಯೋಗದಲ್ಲಿ ರೆಪ್ಪೆ ಮುಚ್ಚಿದ್ರೆ ಗಾಳಿಯ ಕಿರಿಕಿರಿ ಕಳೆಯುತ್ತೆ ಅಲ್ವಾ? ಅದೂ ಋಣಾತ್ಮಕ ಪುನರ್ಬಲನ ಆಯ್ತಲ್ಲ? ಮತ್ತೆ ಅದನ್ನ ಪಾವ್ಲೋವ್ ಖಾತೆಗೆ ಯಾಕೆ ಹಾಕ್ತಾರೆ?

ವಸಂತಾ ಟೀಚರ್, ಮೈಸೂರು
ನೀನು ಪಾಸಾಗ್ತೀಯ. ಬಹಳ ಜನ ತಜ್ಞರು ಜಗಳವಾಡಿದ ಪ್ರಶ್ನೆ ಇದು. ಪ್ರಯೋಗಶಾಲೆಯಲ್ಲಿ ಕೈಯಾಡಿಸಿದವರು ಯಾರಾದರೂ ಇದ್ದರೆ ಅವರೇ ಹೇಳಲಿ.

ರಾಟರ್‌ಡ್ಯಾಮ್ ಹುಡುಗ
ಇದ್ದೀನಿ ಮೇಡಂ. ನಾನು ಇಲ್ಲಿ ಇಲಿಗಳ ಮೇಲೆ ಇದೇ ಪ್ರಯೋಗ ಮಾಡ್ತೀನಿ. ಹುಟ್ಟೂರು ಹಾಸನದ ಕಡೆ. ಎರಡು ವರ್ಷದಿಂದ ಇಲಿ ರೆಪ್ಪೆ ನೋಡಿ ನೋಡಿ ಕನಸಲ್ಲೂ ಅವೇ ಬರ್ತವೆ. ಇಲಿ ಒಂದು ತಿರುಗುವ ಚಕ್ರದ ಮೇಲೆ ಓಡ್ತಿರುತ್ತೆ, ತಲೆ ಮಾತ್ರ ಅಲುಗಾಡದ ಹಾಗೆ ಹಿಡಿದಿರ್ತೀವಿ, ಒಂದು ದೀಪ ಹೊತ್ತುತ್ತೆ, ಆಮೇಲೆ ಗಾಳಿ. ರೆಪ್ಪೆ ಎಷ್ಟು ಇಳೀತು ಅಂತ ಕ್ಯಾಮೆರಾ ಅಳೆಯುತ್ತೆ.

ಆ ತಂಗಿ ಕೇಳಿದ ಪ್ರಶ್ನೆಗೆ: ಗಾಳಿ ಬದಲು ಕಣ್ಣಿನ ಪಕ್ಕದ ಚರ್ಮಕ್ಕೆ ಸಣ್ಣ ಶಾಕ್ ಕೊಟ್ಟೂ ಈ ಪ್ರಯೋಗ ಮಾಡ್ತಾರೆ. ರೆಪ್ಪೆ ಮುಚ್ಚಿದರೂ ಶಾಕ್ ತಪ್ಪಲ್ಲ, ಕಡಿಮೆನೂ ಆಗಲ್ಲ. ಆದರೂ ಪ್ರಾಣಿ ಕಲಿಯುತ್ತೆ. ತಪ್ಪಿಸಿಕೊಂಡ ಲಾಭದಿಂದಲೇ ಕಲೀತಿದ್ದರೆ ಅಲ್ಲಿ ಕಲೀಬಾರದಿತ್ತು. ಅದಕ್ಕೇ ಇದು ಪಾವ್ಲೋವ್ ಖಾತೆಗೆ. ಹಾಗಂತ ಗಾಳಿಯ ಪ್ರಯೋಗದಲ್ಲಿ ಮುಚ್ಚಿದ ರೆಪ್ಪೆಯಿಂದ ಲಾಭ ಇಲ್ಲ ಅಂತ ನಾನೂ ಹೇಳಲ್ಲ. ಕಲಿತ ರೆಪ್ಪೆ ಎಷ್ಟು ಲೆಕ್ಕಾಚಾರದ್ದು ಅಂದ್ರೆ, ಗಾಳಿ ಬರೋ ಕ್ಷಣಕ್ಕೇ ಸರಿಯಾಗಿ ಪೂರ್ತಿ ಇಳಿದಿರುತ್ತೆ. ಅಂತರ ಬದಲಾಯಿಸಿದ್ರೆ ನಿಧಾನಕ್ಕೆ ಹೊಸ ಅಂತರವನ್ನೂ ಕಲಿಯುತ್ತೆ.

ಆ ಲೆಕ್ಕ ಮಾಡೋದು ಅನುಮಸ್ತಿಷ್ಕ, ಅಂದ್ರೆ ತಲೆಯ ಹಿಂಭಾಗದಲ್ಲಿರೋ ಚಿಕ್ಕ ಮಿದುಳು. 1980ರ ದಶಕದಲ್ಲಿ ರಿಚರ್ಡ್ ಥಾಂಪ್ಸನ್, ಡೇವಿಡ್ ಮೆಕಾರ್ಮಿಕ್ ಮೊಲಗಳಲ್ಲಿ ತೋರಿಸಿದ್ರು. ಅನುಮಸ್ತಿಷ್ಕದ ಒಳಗಿನ ಒಂದು ಸಣ್ಣ ಗಂಟನ್ನು ಹಾಳುಮಾಡಿದ್ರೆ ಗಾಳಿಗೆ ಕಣ್ಣು ಮುಚ್ಚುತ್ತೆ, ಸದ್ದಿಗೆ ಮುಚ್ಚಲ್ಲ. ಹುಟ್ಟಿನಿಂದ ಬಂದದ್ದು ಉಳೀತು, ಕಲಿತದ್ದು ಅಳಿಸಿಹೋಯ್ತು.

ಇನ್ನೊಂದು ವಿಷಯ, ಗುರು ಸರ್ ಬೇಜಾರು ಮಾಡ್ಕೋಬೇಡಿ. ಮೊಲದ ಪ್ರಯೋಗ ಅಂದ್ರೆ ಬಹಳ ಸಲ ರೆಪ್ಪೆಯೇ ಅಲ್ಲ! 1962ರಿಂದ ಗೊರ್ಮೆಜಾನೋ ಮತ್ತು ಜೊತೆಯವರು ಅಳೆದದ್ದು ಮೊಲದ ಮೂರನೇ ರೆಪ್ಪೆಯನ್ನ. ಕೋಳಿ ಕಣ್ಣಲ್ಲಿ ಬಿಳಿ ಪೊರೆಯೊಂದು ಸರ್ರಂತ ಅಡ್ಡ ಓಡುತ್ತಲ್ಲ, ಆ ಜಾತಿಯದು. ಮೊಲದಲ್ಲಿ ಅದು ತಾನಾಗಿ ಓಡಲ್ಲ, ಒಂದು ಸ್ನಾಯು ಕಣ್ಣುಗುಡ್ಡೆಯನ್ನೇ ಒಳಕ್ಕೆ ಎಳೆದಾಗ ಜಾಗ ಸಿಕ್ಕಿ ಜಾರುತ್ತೆ. ಮೊಲ ಯಾಕೆ ಅಂದ್ರೆ, ಹಿಡಿದು ಕೂರಿಸಿದ್ರೆ ಸುಮ್ಮನೆ ಕೂರುತ್ತೆ, ಸುಮ್ಮಸುಮ್ಮನೆ ಮಿಟುಕಿಸೋದೂ ಬಹಳ ಕಡಿಮೆ.

ಹುಬ್ಬಳ್ಳಿ ಕಣ್ಣಿನ ಡಾಕ್ಟರ್
ನಮ್ಮ ಕಣ್ಣಾಗೂ ಅದರ ಗುರುತು ಉಳದೈತಿ. ಮೂಗಿನ ಬದಿ ಮೂಲ್ಯಾಗ ಕೆಂಪನ ಮಡಿಕಿ ಕಾಣತೈತಲ್ಲ, ಅದ.

ನಾಗರತ್ನ ಅಕ್ಕ
ಎಲ್ಲ ಓದಿದೆ, ಅರ್ಧ ಅರ್ಥ ಆಯ್ತು. ಡಾಕ್ಟ್ರೇ, ನನಗೆ ಮೂರು ದಿನದಿಂದ ಎಡಗಣ್ಣಿನ ಕೆಳಗಿನ ರೆಪ್ಪೆ ಅದುರ್ತಾ ಇದೆ. ಹೆಂಗಸರಿಗೆ ಎಡಗಣ್ಣು ಅದುರಿದರೆ ಒಳ್ಳೇದು ಅಂತಾರೆ. ನಿಜಾನಾ?

ಹುಬ್ಬಳ್ಳಿ ಕಣ್ಣಿನ ಡಾಕ್ಟರ್
ಅಕ್ಕಾ, ನಿದ್ದಿ ಕಡಿಮಿ ಆಗಿರಬೇಕು, ಇಲ್ಲಾ ಚಾ-ಕಾಫಿ ಜಾಸ್ತಿ ಆಗಿರಬೇಕು. ಸಾಮಾನ್ಯವಾಗಿ ತಾನ ನಿಲ್ಲತೈತಿ. ಕೆಲವು ವಾರ ಆದ್ರೂ ನಿಲ್ಲಲಿಲ್ಲ, ಇಲ್ಲಾ ಗಲ್ಲ-ಬಾಯಿನೂ ಜೊತಿಗೆ ಎಳೀಲಿಕ್ಕತ್ತಿದ್ರ ತೋರಿಸ್ರಿ.

ವಸಂತಾ ಟೀಚರ್, ಮೈಸೂರು
ನಾಗರತ್ನ ಅವರೇ, ಕಣ್ಣು ಅದುರಿದ ದಿನ ಅಣ್ಣ ಸೀರೆ ತಂದದ್ದು ನೆನಪಿರುತ್ತದೆ, ಅದುರಿಯೂ ಏನೂ ಬಾರದ ಇಪ್ಪತ್ತು ದಿನ ನೆನಪಿರೋದಿಲ್ಲ. 1948ರಲ್ಲಿ ಸ್ಕಿನ್ನರ್ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗಡಿಯಾರದ ಲೆಕ್ಕದಲ್ಲಿ ಕಾಳು ಬೀಳುವಂತೆ ಮಾಡಿದ. ಕಾಳು ಬಿದ್ದಾಗ ತಾನು ಮಾಡುತ್ತಿದ್ದುದನ್ನೇ ಪಾರಿವಾಳ ಮತ್ತೆ ಮತ್ತೆ ಮಾಡತೊಡಗಿತು ಅಂತ ಅವನು ಬರೆದ. ಒಂದು ಸುತ್ತ ಸುತ್ತುತ್ತಿತ್ತು, ಇನ್ನೊಂದು ತಲೆ ಆಡಿಸುತ್ತಿತ್ತು. ಆಮೇಲೆ ಬೇರೆಯವರು ಆ ವಿವರಣೆ ಅಷ್ಟು ಸರಿಯಿಲ್ಲ ಅಂತ ತಕರಾರು ತೆಗೆದರು, ಆ ಮಾತು ಬೇರೆ.

ನಾಗರತ್ನ ಅಕ್ಕ
ಅಣ್ಣ ಸೀರೆ ತರ್ತಾನೆ ಅಂದ್ರಲ್ಲ, ಅಷ್ಟು ಸಾಕು.

ಗುರು, ಸಾಗರ
ದಾರಿಗೆ ಬರೋಣ. ರೂಢಿ ಬಿದ್ದಿತು, ಪಳಗಿಕೆ ಬಿದ್ದಿತು. ಉಳಿದದ್ದು ಅನುಬಂಧನ. ಹಳೆಯ ಕೆಲವು ಬರಹಗಳಲ್ಲಿ ‘ನಿಬಂಧನೆ’ ಅಂತಲೂ ನೋಡಿದ ನೆನಪು. ಅದು ವಿಮೆ ಜಾಹೀರಾತಿನ ಕೊನೆಯಲ್ಲಿ ಓಡುವ ‘ನಿಬಂಧನೆಗಳು ಅನ್ವಯಿಸುತ್ತವೆ’ ತರಹ ಕೇಳುತ್ತದೆ, ಕಂಡೀಷನ್ ಪದವನ್ನು ನಿಘಂಟಿನಲ್ಲಿ ನೋಡಿ ಮೊದಲ ಅರ್ಥ ಎತ್ತಿಕೊಂಡ ಹಾಗೆ. ಅದನ್ನಂತೂ ಬಿಡಬಹುದು.

ರಾಟರ್‌ಡ್ಯಾಮ್ ಹುಡುಗ
ಅಲ್ಲೇ ಮಜಾ ಇರೋದು ಸರ್. ಪಾವ್ಲೋವ್ ರಷ್ಯನ್ನಲ್ಲಿ ಬರೆದದ್ದು ‘ಉಸ್ಲೋವ್ನಿ’ ರಿಫ್ಲೆಕ್ಸ್ ಅಂತ. ‘ಉಸ್ಲೋವಿಯೆ’ ಅಂದ್ರೆ ಷರತ್ತು, ನಿಬಂಧನೆ. ಷರತ್ತಿಗೆ ಒಳಪಟ್ಟ ಪ್ರತಿಕ್ರಿಯೆ ಅಂತ ಅರ್ಥ: ಸದ್ದಿನ ಹಿಂದೆ ಊಟ ಬಂದರೆ ಮಾತ್ರ ಈ ಜೊಲ್ಲು, ಬರೋದು ನಿಂತರೆ ಇದೂ ನಿಲ್ಲುತ್ತೆ. ಅದಕ್ಕೆ ಎದುರು ‘ಬೆಜ್‌ಉಸ್ಲೋವ್ನಿ’, ಬೇಷರತ್ತು. ಇಂಗ್ಲಿಷಿಗೆ ಬರುವಾಗ ಅದು ‘ಕಂಡೀಷನ್ಡ್’ ಆಯ್ತು (1927ರ ಆನ್ರೆಪ್ ಅನುವಾದದಲ್ಲೂ ಅದೇ), ಯಾರೋ ಏನೋ ಮಾಡಿ ತಯಾರು ಮಾಡಿದ್ದು ಅನ್ನೋ ಹಾಗೆ. ಅದರಿಂದಲೇ ‘ಕಂಡೀಷನಿಂಗ್’ ಅನ್ನೋ ಕ್ರಿಯೆಗೆ ಬಲ ಬಂತು. ಹಾಗಾಗಿ ನೀವು ನಕ್ಕ ‘ನಿಬಂಧನೆ’ ಪಾವ್ಲೋವ್‌ಗೆ ಹತ್ತಿರ, ನಾವೆಲ್ಲ ಒಪ್ಪಿದ ‘ಅನುಬಂಧನ’ವೇ ದೂರ.

ಗಂಟೆ ಕತೆನೂ ಹಾಗೇ. ಎಲ್ಲ ಚಿತ್ರದಲ್ಲೂ ನಾಯಿ ಪಕ್ಕ ಒಂದು ಗಂಟೆ ಬರೀತಾರೆ. ಆತ ಹೆಚ್ಚಾಗಿ ಬಳಸಿದ್ದು ಮೆಟ್ರೊನೋಮ್ (ಟಕ್ ಟಕ್ ಅಂತ ತಾಳ ಹಾಕೋ ಯಂತ್ರ), ಬಜರ್, ದೀಪ, ಚರ್ಮ ಮುಟ್ಟೋದು ಇಂಥವನ್ನ.

ಅಚ್ಚಗನ್ನಡಿಗ
‘ಷರತ್ತಿನ ಮಿಟುಕು’! ‘ಬೇಷರತ್ ಮಿಟುಕು’! ಷರತ್ತು ಅರಬ್ಬಿಯಿಂದ ಬಂದದ್ದಾದರೂ ಹಳ್ಳಿಯ ಎತ್ತಿನ ಗಾಡಿ ಷರತ್ತಿನ ತನಕ ಹೋಗಿದೆ. ನಾನು ಇದಕ್ಕೆ ಕೈ ಎತ್ತುತ್ತೇನೆ.

ವಸಂತಾ ಟೀಚರ್, ಮೈಸೂರು
ಅಚ್ಚಗನ್ನಡಿಗರು ಅರಬ್ಬಿ ಪದಕ್ಕೆ ಕೈ ಎತ್ತಿದ ದಿನ ಅಂತ ಬರೆದಿಟ್ಟುಕೊಳ್ಳುತ್ತೇನೆ.

ನಾನು ಪೂರ್ತಿ ಸೋಲಲ್ಲ. ಆದರೆ ಒಂದು ವಿಷಯ ನೆನಪಾಯಿತು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ನಿಲಯ ಶುರುಮಾಡಿದ ಎಂ. ವಿ. ಗೋಪಾಲಸ್ವಾಮಿ ಮನಃಶಾಸ್ತ್ರದ ಪ್ರೊಫೆಸರ್. ಆ ನಿಲಯಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಪುರಾಣದಲ್ಲಿ ಕಂಸನಿಗೆ ಕೇಳಿಸಿದ ಮಾತು, ಮನೆಯ ಪೆಟ್ಟಿಗೆಯಿಂದ ಕೇಳಿಸತೊಡಗಿತು. ಬಳಕೆಯಲ್ಲಿದ್ದ ಪದಕ್ಕೆ ಹೊಸ ಕೆಲಸ ಕೊಟ್ಟರೆ ಅದು ಮಾಡುತ್ತದೆ. ಷರತ್ತು ಮಾಡೀತು. ಪ್ರತಿಕ್ರಿಯೆಗೆ ಮಾತ್ರ. ‘ಷರತ್ತಿನ ಪ್ರತಿಕ್ರಿಯೆ’ ಅನ್ನಿ, ಅದನ್ನು ಕಲಿಸುವ ಕ್ರಮಕ್ಕೆ ‘ಅನುಬಂಧನ’ ಅನ್ನಿ. ಮಕ್ಕಳ ಪರೀಕ್ಷೆಯೂ ಉಳಿಯುತ್ತದೆ, ಪಾವ್ಲೋವೂ ಉಳಿಯುತ್ತಾನೆ.

ಭಟ್ಟರು, ಉಡುಪಿ
ವರ್ತ್ಮ ಯಾರೂ ತೆಗೆದುಕೊಳ್ಳಲಿಲ್ಲ ಅಲ್ವ. ಇರಲಿ. ನಮ್ಮ ಕಾಲೇಜಿನಲ್ಲಿ ಉಳೀತದೆ.

ಗುರು, ಸಾಗರ
ತಿದ್ದಿದ ಪ್ಯಾರಾ ಹಾಕುತ್ತಿದ್ದೇನೆ.

“ಗಾಳಿ ತಾಗಿದಾಗ ರೆಪ್ಪೆ ಇಳಿಯುವುದು ಬೇಷರತ್ ಪ್ರತಿಕ್ರಿಯೆ. ಸದ್ದು, ಅದರ ಹಿಂದೆಯೇ ಗಾಳಿ ಎಂದು ಜೋಡಿಯಾಗಿ ಮತ್ತೆ ಮತ್ತೆ ಬಂದಾಗ, ಬರಿಯ ಸದ್ದಿಗೇ ರೆಪ್ಪೆ ಇಳಿಯತೊಡಗುತ್ತದೆ. ಇದು ಷರತ್ತಿನ ಪ್ರತಿಕ್ರಿಯೆ. ಗಾಳಿಯಿಲ್ಲದೆ ಸದ್ದು ಮಾತ್ರ ಬರುತ್ತಾ ಹೋದರೆ ಷರತ್ತು ಮುರಿಯುತ್ತದೆ, ಪ್ರತಿಕ್ರಿಯೆ ಆರಿಹೋಗುತ್ತದೆ. ಹೀಗೆ ಕಲಿಸುವ ಕ್ರಮಕ್ಕೆ ಅನುಬಂಧನ ಎಂದು ಹೆಸರು.”

ಮನೆಯವಳಿಗೆ ಓದಿ ಹೇಳಿದೆ. ಹೊಲಿಗೆ ಬಗ್ಗೆ ಕೇಳಲಿಲ್ಲ. “ಕಲಿತದ್ದು ಅವರಿಗೆ ಗೊತ್ತಾಗುತ್ತಾ?” ಅಂತ ಕೇಳಿದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ರಾಟರ್‌ಡ್ಯಾಮ್ ಹುಡುಗ
ಗುರು ಸರ್, ನಿಮ್ಮ ಮನೆಯವರ ಪ್ರಶ್ನೆ ದೊಡ್ಡದು. 1979ರಲ್ಲಿ ವೈಸ್ಕ್ರಾಂಟ್ಸ್ ಮತ್ತು ವಾರಿಂಗ್‌ಟನ್, ನೆನಪು ಪೂರ್ತಿ ಕೆಟ್ಟುಹೋದ ಇಬ್ಬರ ಮೇಲೆ ಇದನ್ನ ಮಾಡಿದ್ರು. ಅವರ ರೆಪ್ಪೆ ಕಲೀತು. ಏನು ನಡೀತು ಅಂತ ಅವರನ್ನ ಕೇಳಿದ್ರೆ ಹೇಳೋಕೆ ಬರಲಿಲ್ಲ. ಆದರೆ ಸದ್ದು ನಿಂತು, ಒಂದು ಚೂರು ಮೌನ ಆಗಿ, ಆಮೇಲೆ ಗಾಳಿ ಬರೋ ಹಾಗೆ ಮಾಡಿದ್ರೆ ಕತೆ ಬೇರೆ. ಆ ಖಾಲಿ ಜಾಗ ದಾಟೋಕೆ ಹಿಪ್ಪೊಕ್ಯಾಂಪಸ್ ಬೇಕು, ಹೊಸ ನೆನಪು ಕಟ್ಟೋ ಮಿದುಳಿನ ಭಾಗ ಅದು. 1998ರಲ್ಲಿ ಕ್ಲಾರ್ಕ್ ಮತ್ತು ಸ್ಕ್ವೈರ್ ನೋಡಿದಾಗ, ಮರೆವಿನ ರೋಗಿಗಳು ಅದನ್ನ ಕಲೀಲಿಲ್ಲ. ಸಾಮಾನ್ಯರಲ್ಲೂ ಸದ್ದಿಗೂ ಗಾಳಿಗೂ ಇರೋ ಸಂಬಂಧ ಗಮನಿಸಿದವರೇ ಕಲಿತ್ರು. ಒಂದು ಸೆಕೆಂಡಿನಷ್ಟು, ಇಲ್ಲವೇ ಅದಕ್ಕೂ ಗಿಡ್ಡ ಮೌನ, ಅಷ್ಟೇ ವ್ಯತ್ಯಾಸ.

ಟಿಇಟಿ ಬರೆಯೋಳು
ಮೇಡಂ, ನೀವು ಹೇಳಿದ ಹಣೆ ತಟ್ಟೋ ಪ್ರಯೋಗ ನನ್ನ ತಮ್ಮನ ಮೇಲೆ ಮಾಡಿದೆ. ಎಂಟು ಸಲ ತಟ್ಟಿದ್ರೂ ನಿಲ್ಲಿಸ್ಲಿಲ್ಲ. ಆಮೇಲಂತೂ ಬೆರಳು ಹತ್ರ ತಂದ್ರೆ ಸಾಕು, ತಾಗೋಕೆ ಮುಂಚೆನೇ ಕಣ್ಣು ಮುಚ್ತಾನೆ. ಅವನಿಗೆ ಹದಿನಾರು ವರ್ಷ. ಪಾರ್ಕಿನ್ಸನ್ ಏನೂ ಅಲ್ಲ ತಾನೇ?? ಅಮ್ಮ ಗಾಬರಿಯಾಗಿದ್ದಾರೆ.

ಹುಬ್ಬಳ್ಳಿ ಕಣ್ಣಿನ ಡಾಕ್ಟರ್
ಅಲ್ಲವಾ ತಂಗಿ, ಅಮ್ಮಗ ಗಾಬರಿ ಬ್ಯಾಡ ಅಂತ ಹೇಳು. ನೀ ಮುಂದಿಂದ ಕೈ ತಂದಿ. ಬೆರಳು ಕಣ್ಣಿಗೆ ಕಂಡ್ರ ಯಾರಾದ್ರೂ ಮುಚ್ಚತಾರ. ಅದಕ್ಕ ನಾವು ಹಿಂದಿಂದ, ತಲಿ ಮ್ಯಾಲಿಂದ ಕೈ ತಂದು ತಟ್ಟತೀವಿ, ಬೆರಳು ಕಾಣಬಾರದು. ಹಂಗ ಮಾಡಿ ನೋಡು.

ಟಿಇಟಿ ಬರೆಯೋಳು
ಹಿಂದಿನಿಂದ ತಟ್ಟಿದೆ. ಐದನೇ ಸಲಕ್ಕೆ ನಿಂತೋಯ್ತು! 🙏 ಅಂದ್ರೆ ಬೆರಳು ಕಂಡಾಗ ಮುಚ್ತಿದ್ದದ್ದು ಷರತ್ತಿನ ಪ್ರತಿಕ್ರಿಯೆ ಅಲ್ವಾ ಮೇಡಂ? ಬೆರಳು ಕಾಣೋದು ಸದ್ದಿನ ಹಾಗೆ, ತಟ್ಟೋದು ಗಾಳಿ ಹಾಗೆ.

ವಸಂತಾ ಟೀಚರ್, ಮೈಸೂರು
ಎಂಟು ಸಲದಲ್ಲಿ ಸ್ವಲ್ಪ ಅದೂ ಸೇರಿರಬಹುದು. ಆದರೆ ತಟ್ಟದೆ, ಮೊದಲನೇ ಸಲವೇ ಕೈ ಬೀಸಿದರೂ ನಿನ್ನ ತಮ್ಮ ಕಣ್ಣು ಮುಚ್ಚುತ್ತಾನೆ. ಆಗ ತಾನೇ ಹುಟ್ಟಿದ ಕೂಸು ಮುಚ್ಚುವುದಿಲ್ಲ, ಕೆಲವು ತಿಂಗಳು ಬೇಕು. ಹುಟ್ಟಿನಿಂದ ಬಂದದ್ದಲ್ಲ, ನಾವು ಕೂರಿಸಿ ಕಲಿಸಿದ್ದೂ ಅಲ್ಲ.

ಗುರು, ಸಾಗರ
ಅದಕ್ಕೆ ಕನ್ನಡದಲ್ಲಿ ಏನಂತಾರೆ ಮೇಡಂ?

ಅಚ್ಚಗನ್ನಡಿಗ
ಬೆದರುಮಿಟುಕು.

ಭಟ್ಟರು, ಉಡುಪಿ
ಭಯನಿಮೇಷ.

ಹುಬ್ಬಳ್ಳಿ ಕಣ್ಣಿನ ಡಾಕ್ಟರ್
ಓಪಿಡಿ ಶುರು ಆತು, ನಾ ಹೊಂಟೆ. ಸಂಜಿಕ ಬಂದು ನೋಡ್ತೀನಿ, ಅಷ್ಟರಾಗ ಜಗಳ ಮುಗಿಸಿರಿ.